ಮಕ್ಕಳಿಲ್ಲದಿದ್ದರೆ ಮದುವೆ ಅರ್ಧವೇ?

ಮದುವೆಗೆ ಮುಂಚಿನ ರೋಸ್ ಶಾಸ್ತ್ರದ ದಿನ ವಧೂವರರ ತಲೆಗೆ ತೆಂಗಿನ ಹಾಲು ಹೊಯ್ಯುತ್ತಲೇ 'ಬರುವ ವರ್ಷ ಮಗುವಿನ ಜ್ಞಾನಸ್ನಾನದ (ಬ್ಯಾಪ್ಟಿಸಮ್) ಊಟ' ಎಂದು ನೆಂಟರು ತಮಾಷೆ ಮಾಡುತ್ತಾರೆ. ತಮಾಷೆಗೆ ಅಡ್ಡಿಯಿಲ್ಲ. ಆದರೆ ಕಥೋಲಿಕ ಮದುವೆ ಇರುವುದೇ ಮಕ್ಕಳಿಗಾಗಿ ಎಂದು ಧರ್ಮಸಭೆ (ಕಥೋಲಿಕ ಚರ್ಚ್) ಹೇಳುತ್ತದೆ ಅಂದುಕೊಂಡವರು ಮಂಗಳೂರು, ಉಡುಪಿ ಕಡೆ ಈಗಲೂ ಇದ್ದಾರೆ.

1917ರ ಧರ್ಮಸಭಾ ಕಾನೂನು ಸಂತಾನ ಮತ್ತು ಅದರ ಪಾಲನೆಯನ್ನು ಮೊದಲ ಉದ್ದೇಶವೆಂದೂ ಪರಸ್ಪರ ನೆರವನ್ನು ಎರಡನೆಯ ಸಾಲಿನದೆಂದೂ ಇಟ್ಟಿದ್ದು ನಿಜ. ಜಗತ್ತಿನ ಬಿಷಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಆ ಶ್ರೇಣಿಯ ಭಾಷೆಯನ್ನು ಬಳಸಲಿಲ್ಲ. ಮದುವೆ ಬರೀ ಸಂತಾನಕ್ಕಾಗಿ ಸ್ಥಾಪಿತವಾದದ್ದಲ್ಲ ಎಂದೂ ಹೇಳಿತು. ಹಳೆಯದರ ಬದಲಿಗೆ ಬಂದ 1983ರ ಧರ್ಮಸಭಾ ಕಾನೂನಿನ 1055ನೇ ವಿಧಿಯಲ್ಲಿ ದಂಪತಿಯ ಹಿತ, ಸಂತಾನ ಎರಡೂ ಅಕ್ಕಪಕ್ಕ ಇವೆ. ಹಾಗೆಂದು ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವಂತಿಲ್ಲ.

ಇದು ನಿಜವಾಗಿ ಕೆಲಸಕ್ಕೆ ಬರುವುದು ಮದುವೆಗೆ ಮುಂಚೆ ಚರ್ಚಿನ ಆಫೀಸಿನಲ್ಲಿ. ಧರ್ಮಗುರುಗಳು ಹುಡುಗ, ಹುಡುಗಿಯನ್ನು ಬೇರೆಬೇರೆಯಾಗಿ ಕೂರಿಸಿ ಕೇಳುತ್ತಾರೆ: ಯಾರದಾದರೂ ಒತ್ತಾಯ ಇದೆಯೇ, ಕೊನೆವರೆಗೂ ಜೊತೆಗಿರುತ್ತೀರಾ, ನಿಷ್ಠೆಯಿಂದ ಇರುತ್ತೀರಾ, ಮಕ್ಕಳನ್ನು ಸ್ವೀಕರಿಸುತ್ತೀರಾ. ಎಲ್ಲದಕ್ಕೂ 'ಹೌದು ಫಾದರ್' ಅಂದು ಸಹಿ ಹಾಕಿ ಎದ್ದುಬರುವವರೇ ಹೆಚ್ಚು. 'ಎರಡು ವರ್ಷ ಬಿಟ್ಟು ಮಗು' ಅನ್ನುವುದರಿಂದ ಮದುವೆ ಕೆಡುವುದಿಲ್ಲ. ಹೇಗೆ ಮುಂದೂಡುತ್ತೀರಿ ಅನ್ನುವುದು ಬೇರೆ ಪ್ರಶ್ನೆ: ತಕ್ಕ ಕಾರಣವಿದ್ದರೆ ಫಲವತ್ತಾದ ದಿನಗಳನ್ನು ಗುರುತಿಸಿ ದೂರವಿರಬಹುದು, ಮಾತ್ರೆ, ಕಾಂಡೋಮ್ ಸಲ್ಲದು ಎಂಬುದು ಪೋಪ್ ಆರನೇ ಪೌಲರ 1968ರ ಪರಿಪತ್ರ 'ಹ್ಯುಮಾನೆ ವೀಟೆ'ಯ ನಿಲುವು. ಆದರೆ 'ಯಾವತ್ತಿಗೂ ಬೇಡ' ಎಂದು ಒಬ್ಬರೇ ಆದರೂ ಒಳಗೊಳಗೆ ಗಟ್ಟಿಯಾಗಿ ತೀರ್ಮಾನಿಸಿ ಒಪ್ಪಿಗೆ ಕೊಟ್ಟರೆ, 1101ನೇ ವಿಧಿಯ ಪ್ರಕಾರ ಆ ಮದುವೆ ಸಿಂಧುವಲ್ಲ. ಎಣಿಕೆಗೆ ಬರುವುದು ಒಪ್ಪಿಗೆ ಕೊಟ್ಟ ಹೊತ್ತಿನ ಮನಸ್ಸು. ಮದುವೆಯಾಗಿ ಐದು ವರ್ಷಕ್ಕೆ ಮನಸ್ಸು ಬದಲಾದರೆ ಮದುವೆ ಅಸಿಂಧುವಾಗುವುದಿಲ್ಲ.

ಇನ್ನು ಮಕ್ಕಳು ಆಗದಿರುವುದು. ಇಲ್ಲಿಯೇ ಗೊಂದಲ ಜಾಸ್ತಿ. ಬಂಜೆತನ ಮದುವೆಗೆ ಅಡ್ಡಿಯಲ್ಲ, ಆದ ಮದುವೆಯನ್ನು ಅಸಿಂಧುಗೊಳಿಸುವುದೂ ಇಲ್ಲ. 1084ನೇ ವಿಧಿ ಇದನ್ನು ಬಿಡಿಸಿಯೇ ಹೇಳುತ್ತದೆ. ಅಡ್ಡಿಯಾಗುವುದು ಮದುವೆಗೆ ಮೊದಲೇ ಇದ್ದು ಎಂದೂ ವಾಸಿಯಾಗದ, ದೈಹಿಕ ಕೂಡುವಿಕೆಯೇ ಸಾಧ್ಯವಿಲ್ಲದ ಸ್ಥಿತಿ. 'ಸೊಸೆಗೆ ಮಗು ಆಗಲಿಲ್ಲ, ಚರ್ಚಿನಲ್ಲಿ ಮದುವೆ ರದ್ದು ಮಾಡಿಸೋಣ' ಎಂದು ಓಡುವ ಮನೆಯವರು ಇಷ್ಟನ್ನು ಮೊದಲು ತಿಳಿದುಕೊಳ್ಳಲಿ. ಆದರೆ ಒಂದು ಎಚ್ಚರಿಕೆ ಇದೆ. ಬಂಜೆತನ ಮೊದಲೇ ಗೊತ್ತಿದ್ದು, ಒಪ್ಪಿಗೆ ಪಡೆಯಲೆಂದೇ ಅದನ್ನು ಮುಚ್ಚಿಟ್ಟು ಮೋಸ ಮಾಡಿದರೆ, 1098ನೇ ವಿಧಿಯಡಿ ಮದುವೆ ಅಸಿಂಧುವಾಗಬಹುದು. ಡಾಕ್ಟರ ರಿಪೋರ್ಟ್ ಕೈಯಲ್ಲಿದ್ದರೆ ನಿಶ್ಚಿತಾರ್ಥಕ್ಕೆ ಮೊದಲೇ ಹೇಳಿಬಿಡುವುದು ಲೇಸು.

ದಂಪತಿಯ ಹಿತದ ಬಗ್ಗೆ ಮಾತ್ರ ನಮ್ಮಲ್ಲಿ ಚರ್ಚೆ ಕಡಿಮೆ. ಹುಡುಗ ಗಲ್ಫಿನಿಂದ ತಿಂಗಳ ರಜೆಯಲ್ಲಿ ಬರುತ್ತಾನೆ. ಹೊಸದಾಗಿ ತೆಗೆಸಿದ ಜ್ಞಾನಸ್ನಾನದ ಸರ್ಟಿಫಿಕೇಟು, ಅವಿವಾಹಿತನೆಂಬ ಪತ್ರ, ಹಾಲ್, ಕ್ಯಾಟರಿಂಗ್ ಎನ್ನುವಷ್ಟರಲ್ಲಿ ರಜೆ ಮುಗಿಯುತ್ತದೆ. ಹೆಂಡತಿಗೆ ವೀಸಾ ಯಾವಾಗ, ಅಲ್ಲಿಯವರೆಗೆ ಅವಳು ಯಾರ ಮನೆಯಲ್ಲಿ, ಅವಳ ಕೆಲಸದ ಗತಿಯೇನು ಎಂಬುದನ್ನು ಮದುವೆ ತಯಾರಿ ಶಿಬಿರದಲ್ಲೇ ಕೇಳಿ ತೀರ್ಮಾನಿಸಿಕೊಳ್ಳಬೇಕು.

ವಯಸ್ಸಾದ ವಿಧುರ, ವಿಧವೆಯರ ಮದುವೆಯಲ್ಲಿ ಬಲಿಪೀಠದ ಮುಂದೆ ಮಕ್ಕಳ ಕುರಿತ ಪ್ರಶ್ನೆಯನ್ನು ಗುರುಗಳು ಬಿಡಬಹುದು, ಮದುವೆಯ ಪೂಜಾಕ್ರಮದಲ್ಲೇ ಅದಕ್ಕೆ ಅವಕಾಶವಿದೆ. ಅವರದ್ದೂ ಅಷ್ಟೇ ಪೂರ್ಣವಾದ ಸಂಸ್ಕಾರ.