ಬನ್ನಿಯ ಜೊತೆಗೊಂದು ಗಿಡ

ಗಣಪತಿ ಕಳಿಸಿದ ಮರುದಿನ ಶುರುವಾಯಿತು ಇದು. ನಾವು ಇರುವುದು ಧಾರವಾಡದ ಮಾಳಮಡ್ಡಿಯಲ್ಲಿ. ಮಣ್ಣಿನ ಗಣಪನನ್ನು ಮನೆಯಲ್ಲೇ ಬಕೆಟ್‌ನಲ್ಲಿ ಬಿಡುತ್ತೇವೆ. ತಳದಲ್ಲಿ ಕೂತ ಮಣ್ಣು ನೋಡಿ ಒಂಬತ್ತು ವರ್ಷದ ಮಗಳು, "ಚೆಲ್ಲಬ್ಯಾಡಮ್ಮ, ಗಿಡ ಹಚ್ಚೋಣ" ಅಂದಳು. ದಸರಾಕ್ಕೆ ಓಣಿಯವರಿಗೆಲ್ಲ ಬನ್ನಿ ಕೊಟ್ಟು ಬಂಗಾರದಂಗ ಇರೋಣ ಅಂತೀವಲ್ವಾ, ಆ ಎಲೆ ನಾಳೆಗೆ ಒಣಗುತ್ತದೆ, ಜೊತೆಗೆ ಗಿಡ ಕೊಟ್ಟರೆ ಉಳಿಯುತ್ತದೆ ಅನ್ನುವುದು ಅವಳ ಲೆಕ್ಕ. ತಮ್ಮನೂ ಸೇರಿಕೊಂಡ.

ತೆಂಗಿನ ಚಿಪ್ಪಿಗೆ ಬರೀ ಗಣಪನ ಮಣ್ಣು ತುಂಬಿ ದೊಡ್ಡಪತ್ರೆಯ ಟೊಂಗೆ ಚುಚ್ಚಿದೆವು. ವಾರದಲ್ಲಿ ಎಂಟರಲ್ಲಿ ಆರು ಕೊಳೆತವು. ಮಗ ಅತ್ತುಬಿಟ್ಟ. ಜೇಡಿಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ, ಬುಡಕ್ಕೆ ಗಾಳಿ ಸಿಗುವುದಿಲ್ಲ, ಮೇಲಾಗಿ ಚಿಪ್ಪಿಗೆ ತೂತೇ ಇರಲಿಲ್ಲ. ಮೊಳೆ ಹೊಡೆದು ತೂತು ಮಾಡಿದೆವು. ಹಿತ್ತಲಿನ ಕೆಂಪು ಮಣ್ಣು, ಉಸುಕು, ಹಳೆಯ ಸಗಣಿ ಗೊಬ್ಬರ ಸೇರಿಸಿ, ಗಣಪನ ಮಣ್ಣು ಒಂದೇ ಹಿಡಿ ಹಾಕಿದೆವು. ಟೊಂಗೆಯ ಕೆಳಗಿನ ಎಲೆ ಕಿತ್ತು, ಕೊಯ್ದ ಜಾಗ ಒಂದು ದಿನ ನೆರಳಲ್ಲಿ ಆರಿದ ಮೇಲೆ ನೆಟ್ಟೆವು. ಎರಡು ವಾರ ಕಳೆದು ಮಗಳು ಮೆಲ್ಲಗೆ ಎಳೆದು ನೋಡಿದಳು. ಬರಲಿಲ್ಲ. ಬೇರು ಹಿಡಿದಿತ್ತು!

ಮಗನಿಗೆ ಜಾಸ್ತಿ ಇಷ್ಟವಾದದ್ದು ರಣಪಾಲ. ಎಲೆಯನ್ನು ಸುಮ್ನೆ ಮಣ್ಣಿನ ಮೇಲೆ ಮಲಗಿಸಿದ್ದೆವು, ಅಂಚಿನ ಕಚ್ಚುಗಳಲ್ಲಿ ಪುಟ್ಟ ಪುಟ್ಟ ಗಿಡಗಳೆದ್ದವು. "ಎಲಿಗೆ ಮರಿ ಆಗ್ಯಾವ" ಅಂತ ಓಣಿಯ ತುಂಬ ಹೇಳಿಬಂದ.

ಗಿಡದ ಜೊತೆ ಕೊಡುವ ಕಾರ್ಡಿಗೆ ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿ ಆಯಿತು. ಮಕ್ಕಳು ಅರಿಸಿನ ಕಲಸಿ ಬನ್ನಿ ಎಲೆಗೆ ಹಚ್ಚಿ ಅಚ್ಚು ಒತ್ತಿದರು. ಕೆಳಗೆ ಮಗಳು ಬರೆದಳು: "ದಿನಾ ನೀರು ಹಾಕಬೇಡಿ. ಬೆರಳು ಇಟ್ಟು ನೋಡಿ. ಮಣ್ಣು ಒಣಗಿದ್ದರೆ ಮಾತ್ರ ಹಾಕಿ." ಅದನ್ನು ನಾನು ಹೇಳಿಕೊಟ್ಟಿರಲಿಲ್ಲ, ಆ ಕೊಳೆತ ಆರು ಟೊಂಗೆಗಳಿಂದ ಅವಳೇ ಕಲಿತದ್ದು. ಓದಿ ನನಗೆ ಕಣ್ಣು ತುಂಬಿ ಬಂತು.

ವಿಜಯದಶಮಿ ಸಂಜೆ ಎಂಟು ಮನೆಗೆ ಹೋದೆವು. ಕೊನೆಯ ಮನೆಯ ಅಜ್ಜಿ ಒಬ್ಬರೇ ಇರುತ್ತಾರೆ. ಬನ್ನಿಯನ್ನು ದೇವರ ಮುಂದಿಟ್ಟರು, ಗಿಡವನ್ನು ಕಟ್ಟೆಯ ಮೇಲಿಟ್ಟರು, ಕಾರ್ಡನ್ನು ಮಾತ್ರ ಕಣ್ಣಿಗೆ ಹತ್ತಿರ, ದೂರ ಹಿಡಿದು ನೋಡಿ ವಾಪಸ್ ಕೊಟ್ಟರು. "ಅಕ್ಷರ ಕಾಣವಲ್ದು ಪುಟ್ಟಿ, ದೊಡ್ಡದಾಗಿ ಬರದು ಕೊಡು" ಅಂದರು.

ಮನೆಗೆ ಬಂದವಳೇ ಮಗಳು ಇದ್ದುದರಲ್ಲೇ ದೊಡ್ಡ ಲಗ್ನಪತ್ರಿಕೆ ಹುಡುಕತೊಡಗಿದಳು.