ದಸ್ತಾವೇಜಿನ ‘ಎಂಜಾಯ್’ಗೆ ಮಜಾ ಅಂತ ಬರೆಯಬೇಡಿ

ಬಳ್ಳಾರಿಯ ವಕೀಲರೊಬ್ಬರ ಆಫೀಸಿನಲ್ಲಿ ಹಳೆ ದಸ್ತಾವೇಜುಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. 1953ರ ಅಕ್ಟೋಬರ್‌ವರೆಗೆ ನಮ್ಮೂರು ಮದ್ರಾಸಿನ ಆಡಳಿತದಲ್ಲಿತ್ತಲ್ವಾ? ಅಜ್ಜಂದಿರ ಕಾಲದ ಕಾಗದ ತರುವವರ ಗಂಟು ಬಿಚ್ಚಿದರೆ ತೆಲುಗೂ ಸಿಗುತ್ತೆ, ಇಂಗ್ಲಿಷೂ ಸಿಗುತ್ತೆ.

ಹೊಸದಾಗಿ ಸೇರಿದ ಹುಡುಗನೊಬ್ಬ ಕ್ರಯಪತ್ರದ ಅನುವಾದ ತಂದಿಟ್ಟ. ಮೂಲದಲ್ಲಿ ಇಂಗ್ಲಿಷಿನ ‘ಎಂಜಾಯ್’ ಇದ್ದ ಕಡೆ ‘ಖರೀದಿದಾರರು ಸದರಿ ಜಮೀನನ್ನು ಶಾಂತಿಯುತವಾಗಿ ಆನಂದಿಸತಕ್ಕದ್ದು’ ಅಂತಿತ್ತು. ಎರೆ ಹೊಲದ ಬದುವಿನ ಮೇಲೆ ಕೂತು ಆನಂದಿಸಬೇಕೇನು ಅಂತ ಗುಮಾಸ್ತರು ನಕ್ಕರು. ಅವನನ್ನೇನು ಬೈಯೋದು? ಎಂಜಾಯ್ ಅಂದ್ರೆ ಮಜಾ ಅಂತಲೇ ನಾವೆಲ್ಲ ಕಲಿತದ್ದು.

ಆ ಅರ್ಥ ಸುಳ್ಳೇನಲ್ಲ. ಪದದ ಬೇರು ಲ್ಯಾಟಿನ್ನಿನ ‘ಗೌದೇರೆ’, ಅಂದರೆ ಹಿಗ್ಗುವುದು. ಅದು ಫ್ರೆಂಚ್ ಬಾಯಲ್ಲಿ ಸವೆದು ಇಂಗ್ಲಿಷಿಗೆ ಬಂತು. ‘ಜಾಯ್’ ಕೂಡ ಅದೇ ಬಳ್ಳಿಯದು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಅಲ್ಲಿನ ಕೋರ್ಟುಗಳಲ್ಲಿ ಬಹಳ ಕಾಲ ಫ್ರೆಂಚ್ ನಡೆಯಿತು. ಫ್ರೆಂಚ್ ಕಾನೂನಿನಲ್ಲಿ ‘ಜೂಯಿಸಾನ್ಸ್’ ಅಂದರೆ ಇವತ್ತಿಗೂ ಆಸ್ತಿಯ ಉಪಯೋಗ, ಉತ್ಪನ್ನ ಪಡೆಯುವ ಹಕ್ಕು. ಇಂಗ್ಲಿಷ್ ಪತ್ರಗಳ ಎಂಜಾಯ್‌ಗೂ ಅದೇ ಅರ್ಥ. ಹೊಲ ನೋಡಿ ನಿಮಗೆ ಖುಷಿಯಾಯಿತೋ ಇಲ್ಲವೋ, ಕಾನೂನಿಗೆ ಅದು ಬೇಕಿಲ್ಲ.

ತಮಾಷೆ ಅಂದ್ರೆ ನಮ್ಮ ಪತ್ರಬರಹಗಾರರು ಇದಕ್ಕೆ ಎಂದೂ ತಡಕಾಡಿಲ್ಲ. ‘ಪುತ್ರ ಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಂಡು ಬರತಕ್ಕದ್ದು’ ಅಂತ ಕಣ್ಣು ಮುಚ್ಚಿ ಬರೆಯುತ್ತಾರೆ. ನಿಧಿ, ನಿಕ್ಷೇಪ, ಜಲ, ಪಾಷಾಣ ಅಂತ ಜಮೀನಿನ ಎಂಟು ಬಗೆಯ ಹಕ್ಕನ್ನು ಎಣಿಸುತ್ತಾ ಹೋಗುವ ‘ಅಷ್ಟಭೋಗ’ವಂತೂ ಹಳೆ ಶಾಸನಗಳಿಂದ ಈಗಿನ ಛಾಪಾ ಕಾಗದದವರೆಗೂ ಬಂದಿದೆ. ಭೋಗಕ್ಕೂ ಭೋಜನಕ್ಕೂ ಧಾತು ಒಂದೇ. ಇನಾಮಾಗಿ ಬಂದ ಜಮೀನಿಗೆ ಹೇಳುವ ‘ಉಂಬಳಿ’ಯಲ್ಲೂ ಉಣ್ಣುವುದೇ ಇದೆ. ಆದರೆ ‘ಅನುಭವಿಸು’ ಅಂತ ಸಿಟ್ಟಿನಲ್ಲಿ ಅಂದರೆ ಅದು ಶಾಪ! ಆ ಮುಖ ಇಂಗ್ಲಿಷಿನ ಎಂಜಾಯ್‌ಗೆ ಇಲ್ಲ.

ಪೇಚಿಗೆ ಸಿಕ್ಕಿಸೋದು ಭೋಗ್ಯದ ಪತ್ರ. ಸಾಲ ಕೊಟ್ಟವನು ಹೊಲ ವಶಕ್ಕೆ ತಗೊಂಡು, ಬಡ್ಡಿಗೆ ಬದಲು ಫಸಲು ಒಯ್ಯುತ್ತಾನೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲೂ ಇಂಥ ಅಡಮಾನಕ್ಕೆ ಜಾಗ ಇದೆ. ಒಡೆಯ ಒಬ್ಬ, ಉಣ್ಣುವವನು ಇನ್ನೊಬ್ಬ. ಇಲ್ಲಿ ‘ಎಂಜಾಯ್’ ಬಂದ ಕಡೆ ‘ಒಡೆತನ’ ಅಂತ ಬರೆದರೆ ಸಾಲಗಾರನ ಹೊಲವನ್ನು ಸಾಲ ಕೊಟ್ಟವನಿಗೇ ಬರೆದುಕೊಟ್ಟ ಹಾಗೆ. ‘ಆನಂದಿಸು’ ಅಂತ ಬರೆದರೆ ಜನ ನಗ್ತಾರೆ, ಅಷ್ಟೆ. ನನಗೆ ಭಯ ಈ ಒಡೆತನದ ತಪ್ಪಿನದೇ.

ಅದೇ 1882ರ ಈಸ್‌ಮೆಂಟ್ ಕಾಯ್ದೆ, ಅಂದರೆ ಬೇರೆಯವರ ಜಾಗದ ಮೇಲೆ ನಮಗಿರುವ ದಾರಿ, ಗಾಳಿ, ಬೆಳಕಿನಂಥ ಹಕ್ಕಿನ ಕಾಯ್ದೆ, ಇನ್ನೊಂದು ಉದಾಹರಣೆ. ಪಕ್ಕದ ಜಾಗದ ಕಡೆಯಿಂದ ನಿಮ್ಮ ಮನೆಗೆ ಬರುವ ಗಾಳಿ ಬೆಳಕನ್ನು ತಂಟೆ ತಡೆಯಿಲ್ಲದೆ 20 ವರ್ಷ ‘ಎಂಜಾಯ್’ ಮಾಡಿದ್ದರೆ ಅದು ಹಕ್ಕಾಗಿ ನಿಲ್ಲಬಹುದು. ಕಿಟಕಿ ಪಕ್ಕ ಕೂತು ಚಹಾ ಕುಡಿದಿರಾ ಅಂತ ಯಾರೂ ಕೇಳುವುದಿಲ್ಲ.

ಈಗ ಹುಡುಗರು ಡಿಕ್ಷನರಿ ತೆಗೆಯುವ ಮೊದಲು ಕಕ್ಷಿದಾರರನ್ನೇ ಮಾತಾಡಿಸಲಿ ಅಂತೀನಿ. ಬಿತ್ತೋರು ಯಾರು, ಕಂದಾಯ ಕಟ್ಟೋರು ಯಾರು, ಬೆಳೆ ಯಾರ ಮನೆಗೆ ಹೋಗುತ್ತೆ? ಮೊನ್ನೆ ಒಬ್ಬ ಹಿರಿಯರು, ‘ಹೊಲ ನಮ್ದೇ ಸಾರ್, ಬೆಳಿ ಮಾತ್ರ ಅವ್ರು ಒಯ್ತಾರ’ ಅಂದರು. ಹುಡುಗ ‘ಅನುಭೋಗ’ ಅಂತ ಬರೆದುಕೊಂಡು ಮುಂದಿನ ಸಾಲಿಗೆ ಹೋದ.