7-14: ಒಂದೇ ಅಂಕಿ, ಎರಡು ತೀರ್ಪು

2025ರ ಏಪ್ರಿಲ್ 28, ಸೋಮವಾರ. ಅಮೆರಿಕದ ಮಿಸಿಸಿಪ್ಪಿ ಸ್ಟೇಟ್ ವಿಶ್ವವಿದ್ಯಾಲಯ ತನ್ನ ಬೇಸ್‌ಬಾಲ್ ಮುಖ್ಯ ಕೋಚ್ ಕ್ರಿಸ್ ಲೆಮೋನಿಸ್ ಅವರನ್ನು ಋತುವಿನ ನಡುವೆಯೇ ಕೆಳಗಿಳಿಸಿತು. ತಂಡ ಕ್ರೀಡೆಗಳಲ್ಲಿ ಆ ವಿಶ್ವವಿದ್ಯಾಲಯಕ್ಕೆ ಮೊದಲ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟವರು ಅವರೇ, 2021ರಲ್ಲಿ. ಸ್ಟಾರ್ಕ್‌ವಿಲ್ ಎಂಬ ಆ ಪುಟ್ಟ ಊರಿನಲ್ಲಿ ಬೇಸ್‌ಬಾಲ್ ಎಂದರೆ ಮನೆಮಾತು. ತಂಡದ ಡೂಡಿ ನೋಬಲ್ ಮೈದಾನದಲ್ಲಿ ಒಂದೇ ಪಂದ್ಯಕ್ಕೆ 16 ಸಾವಿರಕ್ಕೂ ಹೆಚ್ಚು ಜನ ಸೇರಿದ್ದುಂಟು. ಅಂಥ ಕಡೆ ಆ ದಿನ ಎರಡೇ ಪಕ್ಷ: ‘ಎರಡು ವರ್ಷ ಮೊದಲೇ ಆಗಬೇಕಿತ್ತು’ ಅನ್ನುವವರು, ‘ಇನ್ನು ಮೂರು ವಾರ ತಡೆದುಕೊಳ್ಳಲು ಏನಾಗಿತ್ತು’ ಅನ್ನುವವರು.

ತಡೆಯಬೇಕಿತ್ತು ಅನ್ನುವವರ ಕೈಯಲ್ಲಿ ಒಂದು ಗಟ್ಟಿ ದಾಖಲೆ ಇತ್ತು. ಆ ದಿನ ಸ್ಟೇಟ್ ತಂಡದ ಲೆಕ್ಕ 25 ಗೆಲುವು, 19 ಸೋಲು. ಅದು ಆಡುವ ಕಾಲೇಜು ಲೀಗ್ ಎಸ್‌ಇಸಿಯೊಳಗೆ (ಸೌತ್‌ಈಸ್ಟರ್ನ್ ಕಾನ್ಫರೆನ್ಸ್) 7-14. ಅದೇ ರಾಜ್ಯದ ಆಕ್ಸ್‌ಫರ್ಡ್‌ನಲ್ಲಿರುವ ಬದ್ಧ ಎದುರಾಳಿ ಓಲ್ ಮಿಸ್ (ಮಿಸಿಸಿಪ್ಪಿ ವಿಶ್ವವಿದ್ಯಾಲಯದ ರೂಢಿನಾಮ), 2022ರ ಮೇ ಮೊದಲ ವಾರಕ್ಕೆ ಬಂದಾಗ ಲೀಗಿನಲ್ಲಿ ನಿಂತದ್ದೂ ಸರಿಯಾಗಿ 7-14ಕ್ಕೇ. ಅಲ್ಲೂ ಕೋಚ್ ಮೈಕ್ ಬಿಯಾಂಕೊ ಅವರ ತಲೆದಂಡಕ್ಕೆ ಅಭಿಮಾನಿಗಳು ಪಟ್ಟು ಹಿಡಿದಿದ್ದರು. ಆಡಳಿತ ಅಲುಗಲಿಲ್ಲ. ತಂಡ ಲೀಗನ್ನು 14-16ಕ್ಕೆ ಮುಗಿಸಿ, 64 ತಂಡಗಳ ರಾಷ್ಟ್ರೀಯ ಟೂರ್ನಿಗೆ ಕಟ್ಟಕಡೆಯದಾಗಿ ನುಸುಳಿ, ಅದರ ಅಂತಿಮ ಹಂತ ನಡೆಯುವ ಒಮಾಹಾ ನಗರದಲ್ಲಿ ಒಕ್ಲಹೋಮವನ್ನು ಸೋಲಿಸಿ ಕಪ್ ಎತ್ತಿತು. ಅದಾದ ಮೇಲೆ ಯಾವ ಊರಿನಲ್ಲಿ ಕೋಚ್ ಬದಲಾವಣೆಯ ಮಾತೆದ್ದರೂ ‘2022ರ ಓಲ್ ಮಿಸ್ ನೆನಪಿದೆಯಾ?’ ಎಂದು ಕೇಳುವವನೊಬ್ಬ ಇದ್ದೇ ಇರುತ್ತಾನೆ. ಆದರೆ 2023ರಲ್ಲಿ ಅದೇ ಬಿಯಾಂಕೊ ತಂಡ ಲೀಗಿನಲ್ಲಿ 6-24ಕ್ಕೆ ಕುಸಿದದ್ದನ್ನು ಅವನು ಹೇಳುವುದಿಲ್ಲ.

ಈ ಅಂಕಿಗಳನ್ನು ಓದುವ ಕ್ರಮ ಗೊತ್ತಿರಬೇಕು. ಕಾಲೇಜು ಋತು ಫೆಬ್ರವರಿ ನಡುವಿಗೆ ಶುರು. ಹೆಚ್ಚೆಂದರೆ 56 ಪಂದ್ಯ. ಎಸ್‌ಇಸಿಯಲ್ಲಿ ಹತ್ತು ವಾರಾಂತ್ಯ, ಸಾಮಾನ್ಯವಾಗಿ ಶುಕ್ರ-ಶನಿ-ಭಾನುವಾರ ಒಂದೊಂದು ಪಂದ್ಯ, ಒಟ್ಟು 30. ಉಳಿದವು ಫೆಬ್ರವರಿಯವು ಮತ್ತು ವಾರದ ನಡುವಿನವು, ಬಹುಪಾಲು ಸಣ್ಣ ಕಾಲೇಜುಗಳ ಎದುರು. ಸ್ಟೇಟ್‌ನ 25-19ರಲ್ಲಿ ಲೀಗಿನ ಲೆಕ್ಕ ಕಳೆದರೆ ಉಳಿಯುವುದು 18-5. ಮರ್ಯಾದೆ ಉಳಿಸಿದ್ದು ಲೀಗಿನ ಹೊರಗಿನ ಪಂದ್ಯಗಳು. ಕೋಚ್‌ನ ಅಳತೆ ಮಾತ್ರ ಆ 30ರಲ್ಲೇ.

ನನ್ನನ್ನು ಕೇಳಿದರೆ ಗೆಲುವು-ಸೋಲಿನ ಅಂಕಣಕ್ಕಿಂತ ಮೊದಲು ನೋಡಬೇಕಾದ್ದು ಪಿಚರ್‌ಗಳ, ಅಂದರೆ ಚೆಂಡು ಎಸೆಯುವವರ, ದುಡಿಮೆಯ ಹಂಚಿಕೆ. ಪಂದ್ಯಕ್ಕೆ ಒಂಬತ್ತರಂತೆ ಒಂದು ವಾರಾಂತ್ಯಕ್ಕೆ 27 ಇನ್ನಿಂಗ್ಸ್ ಎಸೆಯಬೇಕು. ಮೂವರು ಆರಂಭಿಕ ಪಿಚರ್‌ಗಳು ಆರು, ಐದು, ನಾಲ್ಕು ಎಂದು 15 ಎಳೆದರೆ ಬುಲ್‌ಪೆನ್‌ನವರಿಗೆ, ಅಂದರೆ ಬದಲಿ ಪಿಚರ್‌ಗಳಿಗೆ, 12 ಉಳಿಯುತ್ತದೆ. ನಂಬಬಹುದಾದ ಬದಲಿಗಳು ಮೂವರಿದ್ದರೆ ಹೇಗೋ ಸಾಗುತ್ತದೆ. ಇನ್ನಿಂಗ್ಸ್‌ಗೆ 15 ಎಸೆತದಂತೆ ಹೋದರೆ ಶುಕ್ರವಾರದವನು 90 ಎಸೆತದಲ್ಲಿ ಆರು ಮುಗಿಸುತ್ತಾನೆ. ಪ್ರತಿ ಇನ್ನಿಂಗ್ಸ್‌ನಲ್ಲಿ ಒಂದೆರಡು ವಾಕ್ (ನಾಲ್ಕು ತಪ್ಪು ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಮೊದಲ ಬೇಸ್) ಕೊಟ್ಟು ಅದು 25ಕ್ಕೆ ಏರಿತೋ, ನಾಲ್ಕರಲ್ಲೇ 100 ಆಗಿ ಅವನ ಕಥೆ ಮುಗಿಯಿತು. ಆಗ ಶುಕ್ರವಾರವೇ ಬುಲ್‌ಪೆನ್ ಐದು ಇನ್ನಿಂಗ್ಸ್ ಸುರಿಯಬೇಕು. ಆ ದಿನ 35 ಎಸೆತ ಹಾಕಿದ ಹುಡುಗ ಭಾನುವಾರಕ್ಕೆ ಪೂರ್ತಿ ಬಲದಲ್ಲಿ ಸಿಗುವುದಿಲ್ಲ. ಭಾನುವಾರ ಎಂಟನೇ ಇನ್ನಿಂಗ್ಸ್‌ನಲ್ಲಿ ಆರು ರನ್ ಕೊಟ್ಟವನನ್ನು ಗ್ಯಾಲರಿ ಬೈಯುತ್ತದೆ; ತಪ್ಪು ಆಗಿರುವುದು ಶುಕ್ರವಾರ ಎರಡನೇ ಇನ್ನಿಂಗ್ಸ್‌ನ ವಾಕ್‌ಗಳಲ್ಲಿ.

ಸ್ಕೋರ್ ಪುಸ್ತಕಕ್ಕೆ ಬಾರದ ಇನ್ನೊಂದು ಸಂಗತಿಯಿದೆ. ಬದಲಿ ಪಿಚರ್ ಮೈ ಬಿಸಿ ಮಾಡಿಕೊಳ್ಳಲು 20-25 ಎಸೆತ ಬೇಕು. ಮೂರೂ ಬೇಸ್‌ಗಳಲ್ಲಿ ಎದುರಾಳಿಗಳು ತುಂಬಿದ ಮೇಲೆ ಬುಲ್‌ಪೆನ್‌ಗೆ ಫೋನ್ ಮಾಡಿದರೆ ಹುಡುಗ ಸಿದ್ಧವಾಗುವಷ್ಟರಲ್ಲಿ ಇನ್ನಿಬ್ಬರು ಬ್ಯಾಟರ್‌ಗಳು ಆಡಿ ಮುಗಿಸಿರುತ್ತಾರೆ. ಹೆದರಿ ಪ್ರತಿ ಬಾರಿ ಬೇಗ ಎಬ್ಬಿಸಿದರೂ ಕಷ್ಟ. ಬಿಸಿಯಾಗಿ, ಕೂತು, ಮತ್ತೆ ಬಿಸಿಯಾದವನ ತೋಳಿನಿಂದ 50 ಎಸೆತ ಹೋಗಿರುತ್ತದೆ, ದಾಖಲೆಯಲ್ಲಿ ಸೊನ್ನೆ. ಪಿಚಿಂಗ್ ಕೋಚ್ ಕೆಲಸ ಬಲ್ಲವರೇ ಎಂದು ತಿಳಿಯಬೇಕಾದರೆ ಎರಡನೇ ವಾಕ್ ಬೀಳುವ ಮೊದಲು ಒಮ್ಮೆ ಬುಲ್‌ಪೆನ್ ಕಡೆ ಕಣ್ಣು ಹಾಯಿಸಿ. ಯಾರಾದರೂ ಎದ್ದು ನಿಂತಿದ್ದಾರೆಯೇ?

ಓಲ್ ಮಿಸ್ ಚೇತರಿಸಿಕೊಂಡದ್ದನ್ನು ಪವಾಡವೆನ್ನುವವರು ಇದನ್ನೇ ಮರೆಯುತ್ತಾರೆ. ಋತುವಿನ ಆರಂಭದಲ್ಲಿ ಬುಲ್‌ಪೆನ್‌ನಲ್ಲಿದ್ದ ಡಿಲನ್ ಡಿಲೂಸಿಯಾ ಅವರನ್ನು ಆರಂಭಿಕ ಸ್ಥಾನಕ್ಕೆ ತಂದರು; ಮೊದಲ ವರ್ಷದ ಎಡಗೈ ಹುಡುಗ ಹಂಟರ್ ಎಲಿಯಟ್‌ಗೂ ವಾರಾಂತ್ಯದ ಜವಾಬ್ದಾರಿ ಕೊಟ್ಟರು. ಒಮಾಹಾದಲ್ಲಿ ಆರ್ಕನ್ಸಾ ಎದುರು 2-0 ಗೆಲುವಿನಲ್ಲಿ ಡಿಲೂಸಿಯಾ ಒಂಬತ್ತೂ ಇನ್ನಿಂಗ್ಸ್ ಒಬ್ಬರೇ ಎಸೆದರು: ನಾಲ್ಕು ಹಿಟ್, ಏಳು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್), ಒಂದೂ ವಾಕ್ ಇಲ್ಲ. ರಿಪೇರಿಗೆ ಸಾಮಾನು ಮನೆಯಲ್ಲೇ ಇತ್ತು. ಹಾಗಾಗಿ 7-14ರ ತಂಡವನ್ನು ಕಂಡಾಗ ಕೇಳಬೇಕಾದ್ದು ಒಂದೇ: ಇನ್ನೂ ಬಳಸದ ತೋಳು ಒಳಗಿದೆಯೇ, ಇಲ್ಲವೇ?

ಸ್ಟೇಟ್‌ನಲ್ಲಿ ಅರ್ಧ ಸಿಬ್ಬಂದಿ ಬದಲಿಸುವ ಪ್ರಯೋಗವೂ ಆಗಿಹೋಗಿತ್ತು. ಕಪ್ ಗೆದ್ದ ಮರುವರ್ಷವೇ, 2022ರ ಮಾರ್ಚ್‌ನಲ್ಲಿ, ಮುಖ್ಯ ಪಿಚರ್ ಲ್ಯಾಂಡನ್ ಸಿಮ್ಸ್ ಮೊಣಕೈ ಗಾಯದಿಂದ ಹೊರಬಿದ್ದರು. ತಂಡ 26-30ಕ್ಕೆ ಮುಗಿಸಿತು. 2023ರಲ್ಲೂ ಟೂರ್ನಿ ಸಿಗಲಿಲ್ಲ, ಋತುವಿನ ನಡುವೆ ಪಿಚಿಂಗ್ ಕೋಚ್ ಹೊರಟರು. ಆಮೇಲೆ ಸೌತ್ ಕ್ಯಾರೊಲಿನಾದಿಂದ ಜಸ್ಟಿನ್ ಪಾರ್ಕರ್ ಬಂದರು. 2024ರಲ್ಲಿ 40 ಗೆಲುವು. ಅಲ್ಲಿಗೆ ಸಹಾಯಕರ ಮೇಲೆ ಭಾರ ಹಾಕುವ ದಾರಿ ಮುಚ್ಚಿತ್ತು. 2025ರಲ್ಲಿ ಮತ್ತೆ ಜಾರಿದಾಗ ಬೆರಳು ನೇರವಾಗಿ ಮುಖ್ಯ ಕೋಚ್ ಕಡೆ ತಿರುಗಿತು.

ಇನ್ನು ಸಮಯದ ಪ್ರಶ್ನೆ. ಮೊದಲಾದರೆ ಋತು ಮುಗಿಯುವವರೆಗೆ ಕಾಯುವುದು ರೂಢಿ. ಈಗ ಕಾಲೇಜು ಬದಲಿಸಬಯಸುವ ಆಟಗಾರರು ಹೆಸರು ದಾಖಲಿಸುವ ವರ್ಗಾವಣೆ ಪೋರ್ಟಲ್ ಇದೆ. ಮುಖ್ಯ ಕೋಚ್ ಹೋದರೆ ಆಟಗಾರರಿಗೆ ಬೇರೆ ಕಾಲೇಜು ಹುಡುಕಿಕೊಳ್ಳಲು 30 ದಿನದ ಕಿಟಕಿ ತೆರೆಯುತ್ತಿತ್ತು. ಜೂನ್‌ನಲ್ಲಿ ಎಲ್ಲರಿಗೂ ಪೋರ್ಟಲ್ ತೆರೆಯುತ್ತದೆ, ಜುಲೈನಲ್ಲಿ ವೃತ್ತಿಪರ ಲೀಗಿನ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ 20 ಸುತ್ತಿನ ಡ್ರಾಫ್ಟ್. ಹೊಸ ಕೋಚ್ ಜೂನ್ ಕೊನೆಗೆ ಬಂದರೆ ಒಳ್ಳೆಯ ಹುಡುಗರು ಆಗಲೇ ಬೇರೆಡೆ ಮಾತು ಕೊಟ್ಟಿರುತ್ತಾರೆ. ಏಪ್ರಿಲ್‌ನಲ್ಲೇ ಕುರ್ಚಿ ಖಾಲಿ ಮಾಡಿದರೆ ಹುಡುಕಾಟಕ್ಕೆ ಐದು ವಾರ ಸಿಗುತ್ತದೆ. ಕ್ರೂರ ಅನ್ನಿಸಬಹುದು, ಲೆಕ್ಕ ಮಾತ್ರ ಸರಿ.

ಹಣದ್ದೂ ಒಂದು ಮಾತು. ಮಿಸಿಸಿಪ್ಪಿಯ ಕಾನೂನಿನಂತೆ ಸರ್ಕಾರಿ ವಿಶ್ವವಿದ್ಯಾಲಯದ ಕೋಚ್‌ಗೆ ನಾಲ್ಕು ವರ್ಷಕ್ಕಿಂತ ದೀರ್ಘ ಒಪ್ಪಂದ ಕೊಡುವಂತಿಲ್ಲ. ಪ್ರತಿ ಬೇಸಿಗೆ ಒಂದೊಂದು ವರ್ಷ ಸೇರಿಸುತ್ತಾ ಹೋಗುತ್ತಾರೆ. ಒಂದು ಬೇಸಿಗೆ ಸೇರಿಸದೆ ಬಿಟ್ಟರೆ ಒಪ್ಪಂದದಲ್ಲಿ ಉಳಿಯುವ ವರ್ಷಗಳು ಕಡಿಮೆಯಾಗಿ, ಕೋಚ್‌ನನ್ನು ತೆಗೆಯುವ ಖರ್ಚು ಇಳಿಯುತ್ತದೆ. ಹಳೆಯ ಅಭಿಮಾನಿಗಳು ಅದಕ್ಕೇ ಕೋಚ್‌ನ ಹೇಳಿಕೆಗಳನ್ನು ಬಿಟ್ಟು ಒಪ್ಪಂದ ವಿಸ್ತರಣೆಯ ಸುದ್ದಿಯನ್ನೇ ಕಾಯುತ್ತಾರೆ.

ಮುಂದೆ ಆದದ್ದು ಎರಡೂ ಪಕ್ಷಕ್ಕೆ ಮೇವು. ಹಂಗಾಮಿಯಾಗಿ ಪಾರ್ಕರ್ ನಡೆಸಿದ ತಂಡ ಲೀಗಿನ ಉಳಿದ ಒಂಬತ್ತು ಪಂದ್ಯಗಳಲ್ಲಿ ಎಂಟನ್ನು ಗೆದ್ದು 15-15ಕ್ಕೆ ತಲುಪಿ ಟೂರ್ನಿ ಸೇರಿತು. ‘ಕೋಚ್ ಹೋದದ್ದರಿಂದಲೇ’ ಎಂದು ಒಬ್ಬರು, ‘ಆ ಮೂರು ವಾರಾಂತ್ಯಗಳಲ್ಲಿ ಒಂದು ಮಿಸೌರಿ ಎದುರಿತ್ತು, ಅವರು ಇಡೀ ಲೀಗಿನಲ್ಲಿ ಗೆದ್ದದ್ದೇ ಮೂರು’ ಎಂದು ಇನ್ನೊಬ್ಬರು. ಜೂನ್ 1ರಂದು ವರ್ಜೀನಿಯಾ ವಿಶ್ವವಿದ್ಯಾಲಯದಿಂದ ಬ್ರಯಾನ್ ಒ’ಕಾನರ್ ಮುಖ್ಯ ಕೋಚ್ ಆಗಿ ಬಂದರು; ಹಿಂದಿನ ವರ್ಷದ ಟೂರ್ನಿಯಲ್ಲಿ ಸ್ಟೇಟ್‌ನ್ನು ಮನೆಗೆ ಕಳಿಸಿದ್ದು ಅವರದೇ ತಂಡ. ಸಿಬ್ಬಂದಿಯನ್ನು ಬುಡಸಮೇತ ಕಿತ್ತುಹಾಕಿ ಎಂದು ಕೂಗಿದವರಿಗೆ ಮಾತ್ರ ಕೊಂಚ ಇರುಸುಮುರುಸು: ಪಿಚಿಂಗ್ ಕೋಚ್ ಆಗಿ ಪಾರ್ಕರ್ ಅವರನ್ನು ಒ’ಕಾನರ್ ಉಳಿಸಿಕೊಂಡರು.